ಮಕ್ಕಳಿಗಾಗಿ ಬೀಗ ತೆಗೆಸಿದಾಕೆ: ಕುಮಾರಿ ಆನ್ ಕ್ಯಾರಲ್ ಮೂರ್

ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ನಾಡಿನ ಹಿರಿಯರೊಬ್ಬರ ಚರಿತ್ರೆಯನ್ನು ಓದಿ ಸಂತೋಷಪಡುವುದು ನಮ್ಮ ವಾಡಿಕೆ. ಈ ಸಲ ನಾನು ಬರೆಯಹೊರಟಿರುವುದು ಕನ್ನಡವೆಂಬ ಹೆಸರನ್ನು ಬಹುಶಃ ಕೇಳಿಯೂ ಇರದಿದ್ದ ಒಬ್ಬ ಅಮೆರಿಕನ್ ಮಹಿಳೆಯ ವಿಚಾರ. ವಾಚಕರು ಮುಖ ತಿರುಗಿಸಬಾರದು. ಇದಕ್ಕೊಂದು ಕಾರಣವುಂಟು, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಸಂಘದ ಕೊಠಡಿಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟಿದೆ. ಅದರ ಕೆಳಗಿನ ಎರಡು ಅಂತಸ್ತುಗಳಲ್ಲಿ ಮಕ್ಕಳ ಪುಸ್ತಕಗಳು. ಪಂಜೆಯವರು, ರಾಜರತ್ನಂ ಅವರು, ಕಾರಂತರ 'ಬಾಲಪ್ರಪಂಚ', ಎಲ್ಲವೂ ಉಂಟು. ಅದರ ಬೀಗದಕೈ ಕೆಲವು ವರ್ಷ ನನ್ನ ಹತ್ತಿರವೇ ಇತ್ತು. ಹಗಲೆಲ್ಲ ಬ್ಯಾಂಕಿನಲ್ಲಿ ಕೂತು, ಬೀಗ ಹಾಕಿದ್ದೇ ಕ್ಷೇಮ ಎಂದು ಕಲಿತವನು ನಾನು. ಒಂದು ಭಾನುವಾರ ಎಂಟೊಂಬತ್ತು ವರುಷದ ಹುಡುಗಿಯೊಬ್ಬಳು ಬಂದು, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ, ಬೊಂಬೆಗಳಿದ್ದ ಒಂದು ಪುಸ್ತಕವನ್ನು ಮನೆಗೆ ಕೊಡುವಿರಾ ಎಂದು ಕೇಳಿದಳು. ಸದಸ್ಯರಿಗೆ ಮಾತ್ರ ಕೊಡುವುದು ನಿಯಮ. ಅಪ್ಪನನ್ನು ಕರೆತಂದು ಸಹಿ ಹಾಕಿಸು ಎಂದೆ. ಆಗಲಿ ಎಂದು ತಲೆಯಾಡಿಸಿ ಹೋದಳು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಅವಳ ತಂದೆಗೆ ಉತ್ತರದ ಯಾವುದೋ ಊರಿಗೆ ವರ್ಗವಾಯಿತೆಂದು ಆಮೇಲೆ ತಿಳಿಯಿತು. ಪುಸ್ತಕ ಇದ್ದಲ್ಲಿಯೇ ಇತ್ತು, ಕ್ಷೇಮವಾಗಿ.

ಇದಾದ ಕೆಲವು ತಿಂಗಳಿಗೆ ಮಕ್ಕಳ ಪುಸ್ತಕಾಲಯಗಳ ಚರಿತ್ರೆಯನ್ನು ಓದುತ್ತಿದ್ದಾಗ ಕುಮಾರಿ ಮೂರ್ ಅವರ ಪರಿಚಯ ನನಗಾಯಿತು. ನಾನು ಮಾಡಿದ ತಪ್ಪನ್ನೇ ಒಂದು ದೇಶಕ್ಕೆ ದೇಶವೇ ಮಾಡುತ್ತಿದ್ದ ಕಾಲದಲ್ಲಿ, ಅದು ತಪ್ಪೆಂದು ತೋರಿಸಿಕೊಟ್ಟವರ ಸಾಲಿನಲ್ಲಿ ಆಕೆಯದು ಮೊದಲ ಹೆಸರುಗಳಲ್ಲೊಂದು.

ಆಕೆ ಹುಟ್ಟಿದ್ದು 1871ನೆಯ ಇಸವಿ ಜುಲೈ 12ರಂದು, ಅಮೆರಿಕದ ಈಶಾನ್ಯ ಮೂಲೆಯ ಮೇನ್ ಸಂಸ್ಥಾನದ ಲಿಮರಿಕ್ ಎಂಬ ಸಣ್ಣ ಊರಿನಲ್ಲಿ. ಇಟ್ಟ ಹೆಸರು ಆನಿ; ಅದೇ ಹೆಸರಿನ ಇನ್ನೊಬ್ಬ ಲೇಖಕಿ ಇದ್ದುದರಿಂದ ಮುಂದೆ ನಡುವಯಸ್ಸಿನಲ್ಲಿ ಆನ್ ಎಂದು ಬದಲಿಸಿಕೊಂಡರು. ತಂದೆ ಲೂಥರ್ ಮೂರ್ ವಕೀಲರು. ಅಣ್ಣಂದಿರ ದೊಡ್ಡ ಗುಂಪಿನ ನಡುವೆ ಬೆಳೆದ ಒಬ್ಬಳೇ ಮಗಳು. ತಂದೆಗೆ ಈ ಮಗಳೆಂದರೆ ಜೀವ. ಊರಿನ ಶಾಲೆ ಮುಗಿಸಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಾಡ್‌ಫರ್ಡ್ ವಿದ್ಯಾಲಯದಲ್ಲಿ ಓದಿ ಬಂದ ಹುಡುಗಿ ತಂದೆಯ ಕಚೇರಿಯಲ್ಲಿಯೇ ಕಾಯಿದೆಯ ಪುಸ್ತಕಗಳನ್ನು ಓದತೊಡಗಿದಳು. ಹೆಂಗಸರಿಗೆ ವಕೀಲಿಯ ಬಾಗಿಲು ಇನ್ನೂ ಸರಿಯಾಗಿ ತೆರೆದಿರದ ಕಾಲವದು. ಆದರೂ ತಂದೆಯ ಜೊತೆ ವಕೀಲಳಾಗಬೇಕೆಂಬುದೇ ಅವಳ ಆಸೆ.

ವಿಧಿ ಬೇರೆ ಬಗೆದಿತ್ತು. 1892ರಲ್ಲಿ ಇನ್‌ಫ್ಲುಯೆಂಜಾ ಜ್ವರಕ್ಕೆ ತಂದೆ ತಾಯಿ ಇಬ್ಬರೂ ತುತ್ತಾದರು. ಅದರ ಬೆನ್ನಿಗೇ ಅತ್ತಿಗೆಯೊಬ್ಬಳು ಬಾಣಂತನದಲ್ಲಿ ತೀರಿಕೊಂಡಳು. ಇಪ್ಪತ್ತೊಂದರ ಹರೆಯದ ಹುಡುಗಿ ತನ್ನ ಆಸೆಯನ್ನು ಬದಿಗಿಟ್ಟು, ವಿಧುರನಾದ ಅಣ್ಣನ ಇಬ್ಬರು ಮಕ್ಕಳನ್ನು ಸಾಕಲು ನಿಂತಳು. ಮಕ್ಕಳ ಮನಸ್ಸಿನ ಮೊದಲ ಪಾಠಗಳನ್ನು ಆಕೆ ಕಲಿತದ್ದು ಯಾವ ವಿದ್ಯಾಲಯದಲ್ಲಿಯೂ ಅಲ್ಲ, ಆ ತಾಯಿಯಿಲ್ಲದ ಮನೆಯಲ್ಲಿ ಎಂದರೆ ತಪ್ಪಾಗಲಾರದು.

ಪುಸ್ತಕಾಲಯದ ಕೆಲಸವೆಂಬ ಹೊಸ ಉದ್ಯೋಗವೊಂದು ಹುಟ್ಟಿದೆ, ಅದಕ್ಕೆ ಪ್ರಯತ್ನಿಸು ಎಂದು ಅಣ್ಣನೊಬ್ಬ ಸೂಚಿಸಿದ. ನ್ಯೂಯಾರ್ಕ್ ಸಂಸ್ಥಾನದ ಗ್ರಂಥಾಲಯ ಶಾಲೆಗೆ ಸೇರಲು ಕಾಲೇಜಿನ ಪದವಿ ಬೇಕಿತ್ತು, ಆಕೆಯಲ್ಲಿ ಅದಿರಲಿಲ್ಲ. ಆದ್ದರಿಂದ ಬ್ರೂಕ್ಲಿನ್‌ನ ಪ್ರ್ಯಾಟ್ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿ 1895ರಲ್ಲಿ ಸೇರಿದರು. ಅಲ್ಲಿ ಮೇರಿ ರೈಟ್ ಪ್ಲಮರ್ ಎಂಬ ದೂರದೃಷ್ಟಿಯ ಮಹಿಳೆ ಗುರುವಾಗಿ ದೊರೆತದ್ದು ಪುಣ್ಯ. ಮರುವರ್ಷ ಶಿಕ್ಷಣ ಮುಗಿಯುತ್ತಲೇ ಪ್ಲಮರ್ ಆಕೆಗೊಂದು ಹೊಸ ಕೆಲಸ ಒಪ್ಪಿಸಿದರು. ಪ್ರ್ಯಾಟ್ ಸಂಸ್ಥೆಯ ಹೊಸ ಪುಸ್ತಕಾಲಯದಲ್ಲಿ ಮಕ್ಕಳಿಗೆಂದೇ ಯೋಚಿಸಿ ಕಟ್ಟಿಸಿದ ಒಂದು ಕೋಣೆಯಿತ್ತು, ಅದನ್ನು ನಡೆಸಬೇಕಾಗಿತ್ತು.

ಆಗಿನ ಸ್ಥಿತಿಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಅನೇಕ ಪುಸ್ತಕಾಲಯಗಳಲ್ಲಿ ಹನ್ನೆರಡೋ ಹದಿನಾಲ್ಕೋ ವರುಷ ತುಂಬದ ಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಪುಸ್ತಕಗಳು ಕಪಾಟುಗಳಲ್ಲಿ ಬಂದಿ. ಗೋಡೆಯ ಮೇಲೆ ನಿಶ್ಶಬ್ದವೆಂಬ ಫಲಕ. ಮಕ್ಕಳೆಂದರೆ ಗದ್ದಲ, ಕೊಳೆಗೈ, ಹರಿದ ಹಾಳೆ ಎಂಬುದೇ ದೊಡ್ಡವರ ಭಾವನೆ.

ಕುಮಾರಿ ಮೂರ್ ಮೊದಲು ಕೋಣೆಯಲ್ಲಿ ಕೂರಲಿಲ್ಲ. ಬೀದಿಗಿಳಿದರು. ಸುತ್ತಮುತ್ತಲಿನ ಶಿಶುವಿಹಾರಗಳನ್ನು ನೋಡಿದರು. ಮಕ್ಕಳು ಎಲ್ಲಿ ಆಡುತ್ತಾರೆ, ಎಂಥ ಕೇರಿಗಳಿಂದ ಬರುತ್ತಾರೆ ಎಂದು ತಿಳಿದುಕೊಂಡರು. ಆಮೇಲೆ ಕೋಣೆಯನ್ನು ಸಜ್ಜುಗೊಳಿಸಿದರು. ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿಗಳು, ಕೈಗೆಟಕುವ ತೆರೆದ ಅಂತಸ್ತುಗಳು, ಗೋಡೆಗೆ ಚಿತ್ರಗಳು, ಕಿಟಕಿಯ ಬಳಿ ಹೂವು. ಕಥೆ ಹೇಳುವ ಹೊತ್ತನ್ನು ಗೊತ್ತುಮಾಡಿದರು. ಇಂಗ್ಲೆಂಡಿನಿಂದ ಬಂದಿದ್ದ ಮೇರಿ ಶೆಡ್ಲಾಕ್ ಎಂಬ ಕಥೆಗಾರ್ತಿಯನ್ನು ಕರೆಸಿ ಕಥೆ ಹೇಳಿಸಿದರು. ಪುಸ್ತಕಾಲಯದಲ್ಲಿ ಕಥೆ ಹೇಳುವುದು ಆಟವಲ್ಲ, ಕಲಿಯಬೇಕಾದ ವಿದ್ಯೆ ಎಂಬ ನಂಬಿಕೆ ಆಕೆಯಲ್ಲಿ ಬೇರೂರಿತು. ಆ ಕೋಣೆಯಲ್ಲಿ ಹತ್ತು ವರ್ಷ ದುಡಿದರು.

ಇಷ್ಟೇ ಆಗಿದ್ದರೆ ಆಕೆ ಒಬ್ಬ ಒಳ್ಳೆಯ ಗ್ರಂಥಪಾಲಕಿಯೆಂದು ಬ್ರೂಕ್ಲಿನ್‌ನ ನಾಲ್ಕು ಬೀದಿಗಳಲ್ಲಿ ಹೆಸರಾಗಿ ಮುಗಿಯುತ್ತಿತ್ತು. ಆದರೆ ಆಕೆಗೆ ಇನ್ನೊಂದು ವಿಷಯ ಹೊಳೆದಿತ್ತು. ಮಕ್ಕಳ ಕೆಲಸವನ್ನು ಕೈಗೊಂಡ ಹೆಂಗಸರು ಊರಿಗೊಬ್ಬರಂತೆ ಚದರಿಹೋಗಿದ್ದರು. ಸಹೋದ್ಯೋಗಿಗಳ ಕಣ್ಣಿಗೆ ಅವರು ಮಕ್ಕಳನ್ನು ಸುಮ್ಮನಾಗಿಸುವ ದಾದಿಯರು ಮಾತ್ರ. ಒಬ್ಬಳು ಕಂಡುಕೊಂಡದ್ದು ಇನ್ನೊಬ್ಬಳಿಗೆ ತಿಳಿಯುವ ಬಗೆಯಿಲ್ಲ. ಹಾರ್ಟ್‌ಫರ್ಡ್ ನಗರದಲ್ಲಿ ಕ್ಯಾರೊಲಿನ್ ಹ್ಯೂಯಿನ್ಸ್ ಎಂಬ ಹಿರಿಯ ಗ್ರಂಥಪಾಲಕಿ ಬಹಳ ಹಿಂದಿನಿಂದಲೇ ಮಕ್ಕಳಿಗೆ ಒಳ್ಳೆಯ ಪುಸ್ತಕಗಳ ಪಟ್ಟಿ ತಯಾರಿಸಿ ದಾರಿ ತೋರಿದ್ದರು; ಅವರನ್ನು ಮೂರ್ ಹಿರಿಯಕ್ಕನಂತೆ ಗೌರವಿಸಿದರು. ಆದರೆ ಇಂಥ ಹಿರಿಯಕ್ಕ ಎಷ್ಟು ಜನಕ್ಕೆ ಸಿಕ್ಕಾರು?

1900ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಸಮ್ಮೇಳನ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನಡೆಯಿತು. ಅಲ್ಲಿ ಮೂರ್ ಮತ್ತು ಕೆಲವು ಗೆಳತಿಯರು ಸೇರಿ ಮಕ್ಕಳ ಗ್ರಂಥಪಾಲಕರ ಕೂಟವೊಂದನ್ನು ಕಟ್ಟಿದರು. ಅದಕ್ಕೆ ಆಕೆಯೇ ಅಧ್ಯಕ್ಷೆ. ಮರುವರ್ಷವೇ ಆ ಕೂಟ ಮಹಾಸಂಘದ ಒಂದು ಅಧಿಕೃತ ವಿಭಾಗವಾಯಿತು. ಆ ಪುಟ್ಟ ಕೂಟ ಹೇಗೆ ಬೆಳೆಯಿತೆಂದರೆ, 1921ರಲ್ಲಿ ಫ್ರೆಡರಿಕ್ ಮೆಲ್ಚರ್ ಎಂಬುವರು ಮಕ್ಕಳ ಸಾಹಿತ್ಯಕ್ಕಾಗಿ ನ್ಯೂಬೆರಿ ಪದಕವನ್ನು ಸ್ಥಾಪಿಸಬೇಕೆಂದಾಗ, ವರ್ಷದ ಶ್ರೇಷ್ಠ ಪುಸ್ತಕವನ್ನು ಆರಿಸುವ ಹೊಣೆಯನ್ನು ವಹಿಸಿದ್ದು ಈ ಮಕ್ಕಳ ಗ್ರಂಥಪಾಲಕರಿಗೇ. 1922ರಲ್ಲಿ ಮೊದಲಾದ ಆ ಪದಕವನ್ನು ಅವರ ಉತ್ತರಾಧಿಕಾರಿಗಳು ಇಂದಿಗೂ ಕೊಡುತ್ತಿದ್ದಾರೆ. ದಾದಿಯರೆನಿಸಿದ್ದವರು ಇಪ್ಪತ್ತು ವರ್ಷಗಳಲ್ಲಿ ದೇಶದ ಪರೀಕ್ಷಕರಾದರು.

1906ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯದವರು ಆಕೆಯನ್ನು ಕರೆದು ಮಕ್ಕಳ ವಿಭಾಗಕ್ಕೆಲ್ಲ ಮೇಲ್ವಿಚಾರಕಿಯನ್ನಾಗಿ ಮಾಡಿದರು. ಧನಿಕ ಕಾರ್ನೆಗಿ 1901ರಲ್ಲಿ ಕೊಟ್ಟ 52 ಲಕ್ಷ ಡಾಲರುಗಳಿಂದ ಆ ನಗರದಲ್ಲಿ ಶಾಖೆಯ ಮೇಲೆ ಶಾಖೆ ಏಳುತ್ತಿದ್ದ ಸಮಯ. ಊರು ತುಂಬ ಪರದೇಶದಿಂದ ವಲಸೆ ಬಂದ ಬಡವರು. 1907ರ ಒಂದೇ ವರ್ಷದಲ್ಲಿ ಬಂದರಿನ ಎಲ್ಲಿಸ್ ದ್ವೀಪದ ಮೂಲಕ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಇಳಿದರು. ಅವರ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಮತ್ತೊಂದು ಭಾಷೆ ಆಡುತ್ತ ಬೆಳೆಯುತ್ತಿದ್ದರು. ಇದು ನಮಗೆ ಹೊಸ ಮಾತೇನೂ ಅಲ್ಲವಷ್ಟೆ!

ಕುಮಾರಿ ಮೂರ್ ಬಂದವರೇ ವಯಸ್ಸಿನ ಕಟ್ಟುಪಾಡನ್ನು ತೆಗೆಸಿದರು. ನಿಶ್ಶಬ್ದದ ಫಲಕಗಳನ್ನು ಇಳಿಸಿದರು. ಕಪಾಟುಗಳ ಬೀಗ ತೆಗೆಸಿದರು. ಅದರ ಬದಲು ಪ್ರತಿ ಶಾಖೆಯಲ್ಲಿಯೂ ಕಪ್ಪು ರಟ್ಟಿನ ದೊಡ್ಡದೊಂದು ಲೆಡ್ಜರ್ ಇಡಿಸಿದರು. ತನ್ನ ಹೆಸರನ್ನು ತಾನೇ ಬರೆಯಬಲ್ಲ ಮಗು ಯಾವುದಾದರೂ ಸರಿ, ಪುಸ್ತಕಗಳನ್ನು ಜೋಪಾನವಾಗಿ ನೋಡಿಕೊಳ್ಳುವೆನೆಂದು ಮಾತುಕೊಟ್ಟು ಅದರಲ್ಲಿ ಸಹಿಮಾಡಿದರೆ ಮನೆಗೆ ಪುಸ್ತಕ ಒಯ್ಯಬಹುದು. ಅಷ್ಟೇ ನಿಯಮ.

ಈ ಲೆಡ್ಜರಿನ ವಿಷಯ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಹಿಯ ಬೆಲೆ ಬ್ಯಾಂಕಿನವನಿಗೆ ಚೆನ್ನಾಗಿ ಗೊತ್ತು. ಕೌಂಟರಿನ ಮುಂದೆ ಹಿರಿಯರೊಬ್ಬರು ನಡುಗುವ ಕೈಯಿಂದ ಹಾಕಿದ ಸಹಿಯನ್ನು ಮಾದರಿ ಸಹಿಯ ಜೊತೆ ಹೋಲಿಸಿ ಹಣ ಕೊಡುವವನು ನಾನು. ಸಹಿ ಕೇಳುವುದೆಂದರೆ ಮನುಷ್ಯನ ಮಾತನ್ನು ನಂಬುತ್ತೇನೆಂದು ಹೇಳುವುದು. ನಾನು ಆ ಹುಡುಗಿಯ ಅಪ್ಪನ ಸಹಿ ಕೇಳಿದ್ದೆ; ಆಕೆ ಮಗುವಿನ ಸಹಿಯನ್ನೇ ಕೇಳಿದರು.

ನಂಬಿದ್ದಕ್ಕೆ ನಷ್ಟವಾಯಿತೇ? 1913ರ ಹೊತ್ತಿಗೆ ನ್ಯೂಯಾರ್ಕಿನ ಶಾಖೆಗಳಿಂದ ಎರವಲು ಹೋಗುತ್ತಿದ್ದ ಒಟ್ಟು ಪುಸ್ತಕಗಳಲ್ಲಿ ಮೂರರಲ್ಲೊಂದು ಪಾಲು ಮಕ್ಕಳ ಪುಸ್ತಕಗಳೇ ಆಗಿದ್ದವು. 1911ರಲ್ಲಿ ನಗರದ ಹೃದಯಭಾಗದಲ್ಲಿ ಅಮೃತಶಿಲೆಯ ಮಹಾಭವನ ತೆರೆದಾಗ ಅದರಲ್ಲಿ ಮಕ್ಕಳಿಗೂ ಒಂದು ಕೇಂದ್ರಕೋಣೆ ಇತ್ತು. ಅಂತಸ್ತುಗಳಲ್ಲಿ ಇಂಗ್ಲಿಷ್ ಮಾತ್ರವಲ್ಲ. ಫ್ರೆಂಚ್, ಜರ್ಮನ್, ರಷ್ಯನ್, ಸ್ವೀಡಿಷ್ ಪುಸ್ತಕಗಳೂ ಇದ್ದವು. ವಲಸೆಗಾರರ ಹಬ್ಬಹುಣ್ಣಿಮೆಗಳನ್ನು ಪುಸ್ತಕಾಲಯದಲ್ಲಿಯೇ ಆಚರಿಸುವ ಏರ್ಪಾಡಾಯಿತು. ವಲಸೆ ಬಂದವರು ತಮ್ಮದೆಲ್ಲವನ್ನೂ ಬೇಗ ಮರೆತು ಅಮೆರಿಕನರಾಗಲಿ ಎಂದು ಹಲವರು ಬಯಸುತ್ತಿದ್ದ ಆ ಕಾಲದಲ್ಲಿ, ತಂದೆತಾಯಿ ಬಿಟ್ಟುಬಂದ ನಾಡಿನ ಬಗ್ಗೆ ಮಗುವಿಗೆ ಅಭಿಮಾನ ಉಳಿಯಬೇಕೆಂದು ಆಕೆ ಬಯಸಿದರು.

ಇನ್ನು ನಾನು ಮುಖ್ಯವೆಂದು ತಿಳಿದ ವಿಷಯಕ್ಕೆ ಬರುತ್ತೇನೆ. ಇಷ್ಟೊಂದು ಶಾಖೆಗಳಲ್ಲಿ ಒಬ್ಬಾಕೆ ಎಲ್ಲೆಲ್ಲಿ ನಿಂತಾರು? ಮೇಜು ಕುರ್ಚಿಯನ್ನು ಹಣ ಕೊಟ್ಟು ತರಬಹುದು, ಪುಸ್ತಕವನ್ನೂ ತರಬಹುದು. ಮಗುವಿನ ಕಡೆಗೆ ಬಾಗಿ ಮಾತಾಡುವ ಮನುಷ್ಯರನ್ನು ತಯಾರಿಸಬೇಕು. ಆದ್ದರಿಂದ ಆಕೆ ಮಕ್ಕಳ ಗ್ರಂಥಪಾಲಕರ ದರ್ಜೆಗೇ ಪ್ರತ್ಯೇಕವಾದ ಒಂದು ತರಬೇತಿಯನ್ನು ಗೊತ್ತುಮಾಡಿದರು. ನಮಗೆ ಬ್ಯಾಂಕಿನಲ್ಲಿ ಬಡ್ತಿಗೆ ಪರೀಕ್ಷೆಗಳಿರುವಂತೆ ಇದೂ ಒಂದು ಅರ್ಹತೆ. ಆದರೆ ಇಲ್ಲಿ ಕಲಿಯಬೇಕಾದದ್ದು ಲೆಕ್ಕವಲ್ಲ, ಮಕ್ಕಳು, ಪುಸ್ತಕ ಮತ್ತು ಕಥೆ. ಶಾಖೆಶಾಖೆಗಳ ಗ್ರಂಥಪಾಲಕಿಯರು ಒಟ್ಟುಗೂಡಿ ಹೊಸ ಪುಸ್ತಕಗಳನ್ನು ಕುರಿತು ಚರ್ಚಿಸುವ ಸಭೆಗಳು ನಡೆಯುತ್ತಿದ್ದವು. ಕಥೆ ಹೇಳುವ ಕೆಲಸವನ್ನು ಬೆಳೆಸಲು ಅನ್ನಾ ಟೈಲರ್ ಅವರನ್ನು ನೇಮಿಸಿಕೊಂಡರು. ಕಥಾಕೂಟಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಿತು.

ಕುಮಾರಿ ಮೂರ್ ತಮ್ಮವರಿಗೆ ಕಲಿಸಿದ ನೀತಿಯನ್ನು ನಾಲ್ಕು ಗೌರವಗಳೆಂದು ಕರೆಯುತ್ತಾರೆ. ಮೊದಲನೆಯದು ಮಕ್ಕಳ ಬಗ್ಗೆ ಗೌರವ: ಅವರನ್ನು ಎಳೆಯರೆಂದು ಕಡೆಗಣಿಸದೆ ವ್ಯಕ್ತಿಗಳೆಂದು ಕಾಣುವುದು. ಎರಡನೆಯದು ಮಕ್ಕಳ ಪುಸ್ತಕದ ಬಗ್ಗೆ ಗೌರವ: ಮಕ್ಕಳಿಗೆ ಹೇಗಿದ್ದರೂ ನಡೆದೀತು ಎನ್ನದೆ, ಬರಹವೂ ಚಿತ್ರವೂ ಉತ್ತಮವಾಗಿರಬೇಕೆಂದು ಹಟಹಿಡಿಯುವುದು. ಮೂರನೆಯದು ಜೊತೆಗೆ ದುಡಿಯುವವರ ಬಗ್ಗೆ ಗೌರವ: ಮಕ್ಕಳ ಕೋಣೆ ಇಡೀ ಪುಸ್ತಕಾಲಯದ ಅಂಗವೆಂದು ತಿಳಿದು ಬಾಳುವುದು. ನಾಲ್ಕನೆಯದು ತಮ್ಮ ಉದ್ಯೋಗದ ಬಗ್ಗೆಯೇ ಗೌರವ: ಮಕ್ಕಳ ಗ್ರಂಥಪಾಲಕಿಯೆಂಬುದು ಇತರ ವೃತ್ತಿಗಳಿಗೆ ಸಮವಾದ ಒಂದು ವೃತ್ತಿಯೆಂದು ತಲೆಯೆತ್ತಿ ನಡೆಯುವುದು. ಎರಡು ಗೌರವ ಮಕ್ಕಳ ಕಡೆಗೆ, ಎರಡು ಗೌರವ ದುಡಿಯುವವರ ಕಡೆಗೆ, ತಕ್ಕಡಿ ಸಮನಾಗಿದೆ.

ಈ ನೆಲದಲ್ಲಿ ಬೆಳೆದ ಗಿಡಗಳು ಅನೇಕ. ಶಾಲೆಯ ಹುಡುಗರಿಗೂ ಹದಿಹರೆಯದವರಿಗೂ ಪ್ರತ್ಯೇಕ ಸೇವೆ ಬೇಕೆಂದು ಮೇಬಲ್ ವಿಲಿಯಮ್ಸ್ ಎಂಬಾಕೆ ಅದೇ ಪುಸ್ತಕಾಲಯದಲ್ಲಿ ಹೊಸ ದಾರಿ ಹಾಕಿದರು. ಪೋರ್ಟೊ ರಿಕೊ ದ್ವೀಪದಿಂದ ಬಂದ ಪುರಾ ಬೆಲ್ಪ್ರೆ 1921ರಲ್ಲಿ ಹಾರ್ಲೆಮ್ ಶಾಖೆಯನ್ನು ಸೇರಿದರು. ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದ ಜಿರಲೆ ಮತ್ತು ಇಲಿಯ ಕಥೆಯನ್ನು ಗ್ರಂಥಾಲಯ ಶಾಲೆಯ ಕಥಾತರಗತಿಗಾಗಿ ಬರೆದು, ಮಕ್ಕಳಿಗೆ ಹೇಳಿ, 1932ರಲ್ಲಿ ಪುಸ್ತಕವಾಗಿಯೂ ತಂದರು. ಸ್ಪ್ಯಾನಿಷ್ ಮಾತೃಭಾಷೆಯ ಮಕ್ಕಳು ಪುಸ್ತಕಾಲಯದಲ್ಲಿ ತಮ್ಮ ಮನೆಯ ಮಾತನ್ನು ಕೇಳಿದ್ದು ಆಕೆಯಿಂದ. ಅದೇ ಹಾರ್ಲೆಮ್ ಶಾಖೆಗೆ 1937ರಲ್ಲಿ ಸೇರಿದ ಕರಿಯ ಜನಾಂಗದ ಆಗಸ್ಟಾ ಬೇಕರ್, 1961ರಲ್ಲಿ ಇಡೀ ನ್ಯೂಯಾರ್ಕ್ ಪುಸ್ತಕಾಲಯದ ಮಕ್ಕಳ ವಿಭಾಗಕ್ಕೆ ಮುಖ್ಯಸ್ಥೆಯಾದರು.

ಆಕೆಯ ಹೆಸರು ದೇಶದ ಹೊರಗೂ ಹಬ್ಬಿತು. 1918ರಿಂದ ಪತ್ರಿಕೆಗಳಲ್ಲಿ ಮಕ್ಕಳ ಪುಸ್ತಕಗಳ ವಿಮರ್ಶೆ ಬರೆಯತೊಡಗಿ, ಆ ಬಗೆಯ ವಿಮರ್ಶೆಗೇ ಒಂದು ಸ್ಥಾನ ತಂದುಕೊಟ್ಟರು. ಮಹಾಯುದ್ಧದ ನಂತರ 1921ರಲ್ಲಿ ಯೂರೋಪಿಗೆ ಹೋದಾಗ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ, ಮೊಲದ ಕಥೆಗಳನ್ನು ಬರೆದ ಬಿಯಾಟ್ರಿಕ್ಸ್ ಪಾಟರ್ ಅವರನ್ನು ಕಂಡರು. ಆ ಭೇಟಿ ಗೆಳೆತನವಾಯಿತು. ತಾವು ಜೊತೆಯಲ್ಲಿಟ್ಟುಕೊಳ್ಳುತ್ತಿದ್ದ ನಿಕೊಲಸ್ ಎಂಬ ಮರದ ಪುಟ್ಟ ಬೊಂಬೆಯನ್ನೇ ನಾಯಕನನ್ನಾಗಿ ಮಾಡಿ 1924ರಲ್ಲಿ ಒಂದು ಕಥೆಯನ್ನೂ ಬರೆದರು.

ಚರಿತ್ರೆ ಬರೆಯುವವನು ಗುಣವನ್ನು ಮಾತ್ರ ಹೇಳಿ ದೋಷವನ್ನು ಮುಚ್ಚಿದರೆ ಅದು ಸುಳ್ಳು ಲೆಕ್ಕ. ಕುಮಾರಿ ಮೂರ್ ಅವರಲ್ಲಿ ಹಟವೂ ಇತ್ತು. ಮಕ್ಕಳ ಪುಸ್ತಕ ಹೀಗೆಯೇ ಇರಬೇಕೆಂಬ ಅವರ ಅಳತೆಗೋಲು ವಯಸ್ಸಾದಂತೆ ಬಿಗಿಯಾಯಿತು. 1945ರಲ್ಲಿ ಇ. ಬಿ. ವೈಟ್ ಅವರು ಇಲಿಯಂಥ ಹುಡುಗನ ಕಥೆ 'ಸ್ಟೂವರ್ಟ್ ಲಿಟ್ಲ್' ತಂದಾಗ, ಪ್ರಕಟವಾಗುವ ಮೊದಲೇ ಅದು ಬೇಡವೆಂದು ಕಾಗದ ಬರೆದರು. ಮಕ್ಕಳು ಅದನ್ನು ಎದೆಗೆ ಅಪ್ಪಿಕೊಂಡರು. 1947ರ 'ಗುಡ್‌ನೈಟ್ ಮೂನ್' ಎಂಬ ಎಳೆಯರ ಪುಸ್ತಕವೂ ಅವರಿಗೆ ಹಿಡಿಸಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಓದಲ್ಪಟ್ಟ ಆ ಪುಸ್ತಕ ನ್ಯೂಯಾರ್ಕ್ ಪುಸ್ತಕಾಲಯದೊಳಗೆ ಬಂದದ್ದು 1972ರಲ್ಲಿ. ಎಪ್ಪತ್ತು ತುಂಬಿ 1941ರಲ್ಲಿ ನಿವೃತ್ತರಾದ ಮೇಲೂ ಸಭೆಗಳಿಗೆ ಬಂದು ಕುಳಿತುಬಿಡುತ್ತಿದ್ದರು. ಉತ್ತರಾಧಿಕಾರಿಯಾದ ಫ್ರಾನ್ಸಿಸ್ ಕ್ಲಾರ್ಕ್ ಸೇಯರ್ಸ್ ಸಭೆಯ ಸ್ಥಳ ಬದಲಿಸಿದರೂ ಅಲ್ಲಿಗೂ ಹಾಜರಾಗುತ್ತಿದ್ದರಂತೆ. ಬೀಗ ತೆಗೆದ ಕೈಯೇ ಬೀಗ ಹಾಕಲೂ ಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಸಂಘಸಂಸ್ಥೆಗಳಲ್ಲಿ ಬಹುಕಾಲ ದುಡಿದ ಹಿರಿಯರಿಗೂ, ಅವರಿಂದ ಕೆಲಸ ವಹಿಸಿಕೊಳ್ಳುವ ಕಿರಿಯರಿಗೂ ಇದರಲ್ಲಿ ಪಾಠವುಂಟು. ಆದರೂ ಆ ಸೇಯರ್ಸ್ ಅವರೇ ಮುಂದೆ 1972ರಲ್ಲಿ ಮೂರ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಜೊತೆಗಾರರ ಬಗೆಗಿನ ಗೌರವವೆಂಬುದು ಬರಿಯ ಮಾತಾಗಿರಲಿಲ್ಲ.

1961ರ ಜನವರಿ 20ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಕುಮಾರಿ ಮೂರ್ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಸ್ವಂತ ಮಕ್ಕಳಿರಲಿಲ್ಲ. ಆ ಕಪ್ಪು ಲೆಡ್ಜರುಗಳಲ್ಲಿ ಹೆಸರು ಬರೆದ ಮಕ್ಕಳನ್ನು ಲೆಕ್ಕ ಹಾಕಿದರೆ, ಅಷ್ಟು ದೊಡ್ಡ ಸಂಸಾರ ಯಾರಿಗಿದ್ದೀತು!

ನಮ್ಮ ಕಪಾಟಿನ ಸಮಾಚಾರ ಹೇಳಿ ಮುಗಿಸುತ್ತೇನೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಕಲಿಯುತ್ತಾರೆ; ಕಲಿಯಲಿ, ಎರಡೂ ಬೇಕು. ಕನ್ನಡಕ್ಕೆ ಉಳಿದಿರುವುದು ಮನೆಯ ಅಡುಗೆಮನೆ, ಊರಿನಿಂದ ಅಜ್ಜಿ ಬಂದಾಗಿನ ಕೆಲವು ದಿನ, ಮತ್ತು ಭಾನುವಾರದ ಈ ಕೊಠಡಿ. ಕಪಾಟಿನ ಬೀಗವನ್ನು ಈ ವರ್ಷ ತೆಗೆದಿದ್ದೇವೆ. ನಮ್ಮ ಬ್ಯಾಂಕಿನಲ್ಲಿ ಬಳಸುವಂಥದೇ ಉದ್ದನೆಯ ಒಂದು ರಿಜಿಸ್ಟರನ್ನು ಅಂಗಡಿಯಿಂದ ತಂದು ಮೇಜಿನ ಮೇಲಿಟ್ಟಿದ್ದೇವೆ. ಕನ್ನಡದಲ್ಲಿ ತನ್ನ ಹೆಸರು ಬರೆಯಬಲ್ಲ ಮಗು ಪುಸ್ತಕ ಒಯ್ಯಬಹುದು. ಬರೆಯಲು ಬಾರದ ಮಗುವಿಗೆ ಮೊದಲು ಅದನ್ನೇ ಕಲಿಸುತ್ತೇವೆ. ಅಕ್ಷರ ಓರೆಯಾದರೂ ಸಹಿ ಸಹಿಯೇ.

ಕೊಠಡಿಯನ್ನು ನೋಡಿಕೊಳ್ಳುವವರು ನಾಲ್ವರು: ಇಬ್ಬರು ಗೃಹಿಣಿಯರು, ಒಬ್ಬರು ನಿವೃತ್ತ ಮೇಷ್ಟರು, ನಾನು. ಗ್ರಂಥಾಲಯ ವಿದ್ಯೆ ಯಾರಿಗೂ ತಿಳಿಯದು. ಆದ್ದರಿಂದ ತಿಂಗಳಿಗೊಮ್ಮೆ ನಾವೇ ಕೂಡಿ, ತಲಾ ಒಂದೊಂದು ಮಕ್ಕಳ ಪುಸ್ತಕ ಓದಿ ಬಂದು ಮಾತಾಡುತ್ತೇವೆ. ಸರದಿಯ ಮೇಲೆ ಕಥೆ ಹೇಳುವ ಅಭ್ಯಾಸ ಮಾಡುತ್ತೇವೆ. ಮೇಷ್ಟರು ಕೋಳಿಯಂತೆ ಕೂಗಿದಾಗ ನಮಗೇ ನಗು ತಡೆಯುವುದಿಲ್ಲ. ಐದನೆಯವರು, ಆರನೆಯವರು ಬೇಕಾಗಿದ್ದಾರೆ. ಈ ಸಂಚಿಕೆಯನ್ನು ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಬರುವ ಭಾನುವಾರ ಮಕ್ಕಳ ಕೈಹಿಡಿದು ಬನ್ನಿ. ಅವರನ್ನು ಬಿಟ್ಟು ಹೋಗಬೇಡಿ, ಒಂದು ಗಂಟೆ ನೀವೂ ಕುಳಿತುಕೊಳ್ಳಿ.

ಆ ಹುಡುಗಿ ಕೇಳಿದ ಬೊಂಬೆಗಳ ಪುಸ್ತಕ ಈಗ ಮನೆಯಿಂದ ಮನೆಗೆ ತಿರುಗುತ್ತಿದೆ. ಎರಡು ಹಾಳೆಗಳ ಅಂಚು ಹರಿದಿದೆ. ಗೋಂದು ಹಚ್ಚಿ ಸರಿಮಾಡಿದ್ದೇನೆ.